ತೊಡೆಮೂಳೆ ಶಸ್ತ್ರಚಿಕಿತ್ಸೆ: ರಕ್ತನಾಳದ ಎಚ್ಚರಿಕೆಯನ್ನೂ ಬರೆದುಕೊಡಿ

ಮಾನ್ಯರೇ,

ತೊಡೆಮೂಳೆ ಮುರಿದವರಿಗೆ ರಾಡ್ ಅಥವಾ ಪ್ಲೇಟ್ ಹಾಕಿ ಮನೆಗೆ ಕಳುಹಿಸುವಾಗ ಹೊಲಿಗೆ ಬಿಚ್ಚುವುದು ಯಾವಾಗ, ಕಾಲು ಊರುವುದು ಯಾವಾಗ ಎಂದು ಹೇಳುತ್ತಾರೆಯೇ ಹೊರತು, ಆ ಮೂಳೆಯ ಮಗ್ಗುಲಲ್ಲೇ ಸಾಗುವ ರಕ್ತನಾಳಗಳಿಗೆ ಆಗಬಹುದಾದ ತೊಂದರೆಯ ಲಕ್ಷಣಗಳನ್ನು ಮನೆಯವರಿಗೆ ಅರ್ಥವಾಗುವಂತೆ ವಿವರಿಸುವುದು ಅಪರೂಪ. ಮೂಳೆ ವಾರ್ಡಿನಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನನಗೆ ಇದು ಸಣ್ಣ ಕೊರತೆಯೆಂದು ಅನ್ನಿಸುವುದಿಲ್ಲ.

ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈಗ ಹಲವರಿಗೆ ಗೊತ್ತಿದೆ. ಅದನ್ನು ತಡೆಯುವ ಔಷಧವನ್ನು ಸೊಂಟದ ಬಳಿಯ ಮುರಿತಗಳಲ್ಲಿ 35 ದಿನಗಳವರೆಗೂ ಮುಂದುವರಿಸುವುದುಂಟು. ಆದರೂ ಊದಿದ ಮೀನಖಂಡಕ್ಕೆ ಬಿಸಿ ಎಣ್ಣೆ ಹಚ್ಚಿ ನೀವುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣವೇ ಹೋಗಬಹುದಾದ್ದರಿಂದ, ವೈದ್ಯರಿಗೆ ತೋರಿಸುವ ಮೊದಲು ಅಂಥ ಕಾಲನ್ನು ತಿಕ್ಕಲೇಬಾರದು.

ಇದಕ್ಕಿಂತ ಅಪರೂಪದ, ಆದರೆ ಸುಲಭವಾಗಿ ಕಣ್ತಪ್ಪುವ ಅಪಾಯ ಅಪಧಮನಿಯದು. ಡ್ರಿಲ್ಲಿನ ಮೊನೆ, ಉದ್ದವಾದ ಸ್ಕ್ರೂ ಅಥವಾ ಮುರಿದ ಮೂಳೆಯ ಚೂಪು ಚೂರು ತೊಡೆಯ ಆಳದ ಅಪಧಮನಿಗೆ ತಗುಲಿ ಸಣ್ಣ ರಂಧ್ರವಾದರೆ, ಸೋರಿದ ರಕ್ತ ಸುತ್ತಲಿನ ಮಾಂಸದ ನಡುವೆ ಚೀಲದಂತೆ ಕಟ್ಟಿಕೊಂಡು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ತೊಡೆ ಊದಿಕೊಳ್ಳುತ್ತದೆ, ನೋವು ಹೆಚ್ಚುತ್ತದೆ, ಹಿಮೋಗ್ಲೋಬಿನ್ ಕಾರಣ ಕಾಣದೆ ಇಳಿಯುತ್ತದೆ. ಪಾದಕ್ಕೆ ರಕ್ತ ಒಯ್ಯುವ ಮುಖ್ಯ ಅಪಧಮನಿ ಬೇರೆಯಾದ್ದರಿಂದ ಪಾದದ ನಾಡಿ ಚೆನ್ನಾಗಿಯೇ ಸಿಗುತ್ತದೆ, ಹಾಗಾಗಿ ನೋಡಿದವರಿಗೆ ಸಂಶಯವೂ ಬರುವುದಿಲ್ಲ. ಆ ಊತವನ್ನು ಕೀವೆಂದು ಭಾವಿಸಿ ಕೊಯ್ದರೆ ತಡೆಯಲಾಗದಷ್ಟು ರಕ್ತಸ್ರಾವವಾಗುತ್ತದೆ. ಮೊದಲೇ ರಕ್ತನಾಳದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಅಥವಾ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿದರೆ, ಅನೇಕರಲ್ಲಿ ತೊಡೆ ತೆರೆಯದೆಯೇ, ರಕ್ತನಾಳದೊಳಗೆ ತೂರಿಸಿದ ಸಣ್ಣ ನಳಿಕೆಯ ಮೂಲಕ ಕಾಯಿಲ್ (ತೆಳು ಲೋಹದ ಸುರುಳಿ) ಇಟ್ಟು ಸೋರಿಕೆಯನ್ನು ಮುಚ್ಚಬಹುದು.

ಮೊಣಕಾಲಿಗೆ ಸಮೀಪದ ಮುರಿತಗಳಲ್ಲಿ ಮುಖ್ಯ ಅಪಧಮನಿಗೇ ಪೆಟ್ಟಾಗಬಹುದು. ಪಾದ ತಣ್ಣಗಾಗಿ ಬಿಳಿಚಿಕೊಂಡರೆ ಸುಮಾರು ಆರು ಗಂಟೆಯೊಳಗೆ ರಕ್ತಸಂಚಾರ ಮರಳಬೇಕು. ತಡವಾದಷ್ಟೂ ಕಾಲನ್ನು ಉಳಿಸಿಕೊಳ್ಳುವುದು ಕಷ್ಟ.

ರಕ್ತನಾಳ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವುದರಿಂದ, ತಾಲ್ಲೂಕು ಆಸ್ಪತ್ರೆಯಿಂದ ಇಂಥ ರೋಗಿಯನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಮೊದಲೇ ನಿಗದಿಯಾಗಿರಬೇಕು. ತೊಡೆಮೂಳೆ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರಿಗೂ ಈ ಲಕ್ಷಣಗಳನ್ನೂ ತುರ್ತಾಗಿ ಕರೆಯಬೇಕಾದ ದೂರವಾಣಿ ಸಂಖ್ಯೆಯನ್ನೂ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ ಚೀಟಿಯನ್ನು ಡಿಸ್ಚಾರ್ಜ್ ಪತ್ರದ ಜೊತೆಗೆ ಕೊಡುವಂತೆ ಆರೋಗ್ಯ ಇಲಾಖೆಯು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡಕ್ಕೂ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶುಶ್ರೂಷಕಿ, ಹಾಸನ