ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತವರಿಗೆ ಕೃತಜ್ಞತೆಗಳು

ನನ್ನ ಭಾವಚಿತ್ರಗಳ ಮೊದಲ ಪ್ರದರ್ಶನ ಕಳೆದ ವಾರ ಮುಗಿಯಿತು. ಬಂದು ನೋಡಿದವರಿಗೂ ದೂರದಿಂದಲೇ ಹಾರೈಸಿದವರಿಗೂ ಸಮಾರೋಪದ ದಿನವೇ ವಂದನೆ ಸಲ್ಲಿಸಿದ್ದೇನೆ. ಆದರೆ ಆ ಚಿತ್ರಗಳು ಹುಟ್ಟಲು ಕಾರಣರಾದವರ ಋಣ ವೇದಿಕೆಯ ಎರಡು ಮಾತುಗಳಲ್ಲಿ ತೀರುವಂಥದಲ್ಲವಾದ್ದರಿಂದ ಈ ಬರಹ.

ಭಾವಚಿತ್ರ ತೆಗೆಯುವುದೇ ಹೊಟ್ಟೆಪಾಡಾದ ಮೇಲೆ ದಿನವೆಲ್ಲ ಅದೇ ಬೂದು ಪರದೆ, ಮುಖದ ಒಂದು ಬದಿಗೆ 45 ಡಿಗ್ರಿ ಕೋನದಲ್ಲಿ ದೀಪದ ಬೆಳಕನ್ನು ಮೆದುಗೊಳಿಸುವ ಅದೇ ಸಾಫ್ಟ್‌ಬಾಕ್ಸ್, ಅದೇ 85 ಎಂಎಂ ಲೆನ್ಸು, 'ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ' ಎಂಬ ಅದೇ ಸೂಚನೆ. ರಾತ್ರಿಯಾದರೆ ಕಂಪ್ಯೂಟರಿನ ಮುಂದೆ ಕುಳಿತು ಸುಕ್ಕು ಅಳಿಸುವ ಕೆಲಸ. ಈ ಕ್ರಮವನ್ನು ನಾನು ಹಳಿಯುವುದಿಲ್ಲ, ಹಣ ಕೊಡುವವರಿಗೆ ಖಚಿತ ಫಲಿತಾಂಶ ಬೇಕೇ ಬೇಕು. ಆದರೆ ಚಿತ್ರ ಹೇಗೆ ಬರುತ್ತದೆಂಬುದು ಶಟರ್ ಒತ್ತುವ ಮೊದಲೇ ತಿಳಿದಿರುವಾಗ ಕುತೂಹಲಕ್ಕೆ ಎಡೆಯೆಲ್ಲಿ? ಬಿಡುವಿನ ದಿನಗಳಲ್ಲಿ ಕ್ಯಾಮೆರಾ ಚೀಲದ ಜಿಪ್ಪು ತೆರೆಯಲೂ ಮನಸ್ಸಾಗದ ಕಾಲವೊಂದು ಬಂದಿತ್ತು.

ಆಗ ಹಲವರು ಬೆಟ್ಟ ಹತ್ತಲು, ಹಕ್ಕಿಗಳನ್ನು ಹುಡುಕಿ ಹೋಗಲು ಸಲಹೆಯಿತ್ತರು. ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ, ಒಪ್ಪಿಕೊಂಡ ಕೆಲಸ ಮುಗಿದ ಮೇಲೆ ದೀಪಗಳನ್ನು ಆರಿಸಿ, ಬಂದವರು ಒಪ್ಪಿದರೆ ಕಿಟಕಿಯ ಬಳಿ ಹತ್ತು ನಿಮಿಷ ಕೂರಿಸಿಕೊಳ್ಳುವಂತೆ ಹೇಳಿದರು. ಜೊತೆಗೆ 19ನೆಯ ಶತಮಾನದ ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರ ಚಿತ್ರಗಳನ್ನು ತೋರಿಸಿದರು. 1863ರಲ್ಲಿ, 48ನೆಯ ವಯಸ್ಸಿನಲ್ಲಿ ಮಗಳು–ಅಳಿಯ ಕೊಟ್ಟ ಕ್ಯಾಮೆರಾದಿಂದ ಆರಂಭಿಸಿ, ಗಾಜಿನ ಕೋಳಿಮನೆಯನ್ನೇ ಸ್ಟುಡಿಯೊ ಮಾಡಿಕೊಂಡವರು ಅವರು. ಫೋಕಸ್ ಸರಿಯಿಲ್ಲವೆಂದು ಅಂದಿನ ವಿಮರ್ಶಕರು ಆಕ್ಷೇಪಿಸಿದ ಆ ಮುಖಗಳು, ರೆಪ್ಪೆಗೂದಲಿನ ಸ್ಪಷ್ಟತೆಯನ್ನೇ ಗುಣಮಟ್ಟವೆಂದು ನಂಬಿದ್ದ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವು. ಆ ಹಿರಿಯರಿಗೆ ನನ್ನ ಮೊದಲ ನಮಸ್ಕಾರ.

ಕಿಟಕಿಯ ಬೆಳಕು ಹೇಳಿದಂತೆ ಕೇಳುವುದಿಲ್ಲ, ಅದೇ ಅದರ ಸೊಗಸು. ಕುರ್ಚಿಯನ್ನು ಒಂದು ಹೆಜ್ಜೆ ಒಳಗೆ ಸರಿಸಿದರೆ ಎರಡು ಕೆನ್ನೆಗಳ ಮೇಲಿನ ಬೆಳಕಿನ ಅಂತರ ಕಡಿಮೆಯಾಗುತ್ತದೆ. ಮೋಡ ಬಂದರೆ ನೆರಳಿನ ಅಂಚು ಕರಗುತ್ತದೆ. ಬೆಳಕಿನತ್ತ ತಿರುಗಿದ ಕಣ್ಣಿನ ಪಾಪೆ ಕಿರಿದಾಗಿ ಅದರ ಸುತ್ತಲಿನ ಬಣ್ಣ ಎದ್ದು ಕಾಣುತ್ತದೆ, ಹತ್ತಿರದಿಂದ ನೋಡಿದರೆ ಕಿಟಕಿಯ ಸರಳುಗಳೂ ಅದರೊಳಗೆ ಕಾಣುತ್ತವೆ.

ಹೊಲಿಗೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಗುರುತಿನ ಚೀಟಿಯ ಫೋಟೊಗೆ ಬಂದಿದ್ದರು. ಪರದೆಯ ಮುಂದೆ ಅವರು ಉಸಿರು ಬಿಗಿಹಿಡಿದೇ ಕುಳಿತಿದ್ದರು. ಕಿಟಕಿಯ ಬಳಿಗೆ ಬಂದದ್ದೇ ತಡ, ನಾನು ಲೆನ್ಸು ಬದಲಿಸುತ್ತಿರುವಾಗಲೇ ಕಿಟಕಿಯ ಪರದೆಯ ಅಂಚನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ಹೊಲಿಗೆಯನ್ನು ಉಗುರಿನಿಂದ ಸವರಿ ನೋಡತೊಡಗಿದರು. ಅವರ ಮುಖದಲ್ಲಿ ಮೆಚ್ಚುಗೆಯಿರಲಿಲ್ಲ. ಪ್ರದರ್ಶನದಲ್ಲಿ ಜನ ಹೆಚ್ಚು ಹೊತ್ತು ನಿಂತದ್ದು ಆಗ ತೆಗೆದ ಈ ಚಿತ್ರದ ಮುಂದೆಯೇ. 'ಇದು ನಾನು ಕೆಲಸ ಮಾಡುವಾಗಿನ ಮುಖ, ಇದನ್ನು ನಾನೇ ನೋಡಿರಲಿಲ್ಲ' ಎಂದು ಅವರು ಹೇಳಿದ್ದಕ್ಕಿಂತ ದೊಡ್ಡ ಸನ್ಮಾನ ನನಗೆ ಬೇಕಿಲ್ಲ. ಅವರಿಗೂ, ಅವಸರವಿದ್ದರೂ ಗಡಿಯಾರ ನೋಡದೆ ಕುಳಿತ ಎಲ್ಲರಿಗೂ ನಾನು ಚಿರಋಣಿ. ಈಗ ಸ್ಟುಡಿಯೊದ ದೀಪದ ಕೆಳಗೂ ನಾನು ಮುಖವನ್ನು ಕಾದು ನೋಡುತ್ತೇನೆ. ಸುಕ್ಕು ಅಳಿಸುವ ಮೊದಲು, ಅಳಿಸಲೇಬೇಕೇ ಎಂದು ಚಿತ್ರ ತೆಗೆಸಿಕೊಂಡವರನ್ನೇ ಕೇಳುತ್ತೇನೆ. ಬೇಡವೆನ್ನುವವರೇ ಹೆಚ್ಚು ಎಂಬುದು ನನಗೂ ಅಚ್ಚರಿ.

ತೋಳು ಸೋತರೂ, ಬೆಳಕನ್ನು ಮುಖದತ್ತ ಮರಳಿಸುವ ರಿಫ್ಲೆಕ್ಟರ್ ಫಲಕವನ್ನು ಇಳಿಸದ ನನ್ನ ಸಹಾಯಕರಿಗೆ, ನೆರಳುಗಳನ್ನು ತಿಳಿಗೊಳಿಸಲು ಒಪ್ಪದೆ ನನ್ನೊಡನೆ ವಾದಿಸಿ ಗೆದ್ದ ಪ್ರಿಂಟಿಂಗ್ ತಂತ್ರಜ್ಞರಿಗೆ, ತಡರಾತ್ರಿಗಳನ್ನು ಸಹಿಸಿದ ಮನೆಯವರಿಗೆ ಹೃತ್ಪೂರ್ವಕ ಧನ್ಯವಾದಗಳು.

ಚಿತ್ರಗಳಲ್ಲಿ ಇರುವವರೆಲ್ಲರೂ ತಮ್ಮ ತಮ್ಮ ಪ್ರಿಂಟನ್ನು ಚೌಕಟ್ಟಿನ ಸಮೇತ ಸ್ಟುಡಿಯೊದಿಂದ ಒಯ್ಯಬೇಕೆಂದು ಕೋರುತ್ತೇನೆ. ಅದಕ್ಕೆ ಹಣ ಕೊಡುವ ಮಾತನ್ನು ಮಾತ್ರ ದಯವಿಟ್ಟು ಯಾರೂ ಎತ್ತಬಾರದು.