ಗಡಿಗೆ ಒಡೆದಿಲ್ಲ, ಮೊಸರು ಕದಡಿದೆ

ದಾವಣಗೆರೆ
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿಗೆ ಅಪ್ಪಾಜಿಯ ಆಶೀರ್ವಾದ.

ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದಾಗಿನಿಂದ, ಮೊಬೈಲ್ ನೋಡಿದರೆ ನಿನಗೆ ಇನ್ನೂ ತಲೆ ಸಿಡಿಯುತ್ತದೆ ಅಂತ ಚಿಕ್ಕಮ್ಮ ಹೇಳಿದಳು. ಅದಕ್ಕೇ ಈ ಕಾಗದ. ಚನ್ನಗಿರಿಗೆ ಹೊರಟಿರುವ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ದಪ್ಪಗೆ ಬರೆದಿದ್ದೇನೆ. ಒಂದೇ ಸಲಕ್ಕೆ ಓದಬೇಡ, ಸುಸ್ತಾದರೆ ಮಡಚಿಟ್ಟು ಸಂಜೆ ಓದು.

ಇಲ್ಲಿ ಮಂಡಕ್ಕಿ ಭಟ್ಟಿಯ ಸದ್ದು, ಹೊಗೆ ಎಂದಿನಂತೆಯೇ ಇದೆ. ನಿನ್ನನ್ನು ಅಡಿಕೆ ತೋಟದ ನೆರಳಿಗೆ ಕಳಿಸಿದ್ದು ಒಳ್ಳೆಯದೇ ಆಯ್ತು. ಆದರೆ ಚಿಕ್ಕಮ್ಮ ದಿನವಿಡೀ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾಳಂತೆ. ಬೇಡ ಅಂತ ಹೇಳು. ಅಷ್ಟು ವಿಶ್ರಾಂತಿ ಬೇಕಿದ್ದದ್ದು ಮೊದಲ ಒಂದೆರಡು ದಿನ. ಈಗ ತೋಟದಲ್ಲಿ ನಿಧಾನವಾಗಿ ನಡೆದಾಡು. ತಲೆನೋವು ಜಾಸ್ತಿಯಾದರೆ ಕೂತುಕೋ.

ಐದು ವಾರದಿಂದ ಬಾಯಿಗೆ ಬಂದು ವಾಪಸ್ ಹೋಗುತ್ತಿರುವ ಮಾತೊಂದಿದೆ. ಆ ದಿನ ಬೋನಸ್ ಗೆರೆ ದಾಟಿ ತಿರುಗುವಾಗ ಒಬ್ಬಳು ನಿನ್ನ ಕಾಲು ಹಿಡಿದಳು, ಇನ್ನೊಬ್ಬಳ ಮೊಣಕಾಲು ಕಿವಿಯ ಮೇಲೆ ಬಡಿಯಿತು. ಎದ್ದವಳು ನಮ್ಮ ಕಡೆ ಬರುವ ಬದಲು ಎದುರು ತಂಡದವರ ಜಾಗದಲ್ಲಿ ಹೋಗಿ ಕೂತೆ. ಜನ ನಕ್ಕರು. ನಾನೂ ನಕ್ಕೆ ಪುಟ್ಟಿ. "ಸ್ಕೋರ್ ಎಷ್ಟು?" ಅಂತ ನೀನು ಎರಡು ಸಲ ಕೇಳಿದೆ. ಯಾರೋ ತಲೆಗೆ ತಣ್ಣೀರು ಹಾಕಿದರು. ಬೆಂಚಿನಲ್ಲಿ ಐದು ಹುಡುಗಿಯರು ಕೂತಿದ್ದರು. ಆದರೂ ಗೆರೆಯಾಚೆ ನಿಂತು, "ಏಳು, ಪೈಲ್ವಾನನ ಮಗಳು ನೀನು" ಅಂತ ಕೂಗಿದವನು ನಾನು. ನಿಮ್ಮ ಕೋಚ್ ನನ್ನ ಮುಖ ನೋಡಿದರು. ಆಡಿಸಿ ಅಂತ ಕೈ ಮಾಡಿದೆ. ಹತ್ತು ನಿಮಿಷಕ್ಕೆ ನೀನು ಮತ್ತೆ ಬಿದ್ದೆ. ರಾತ್ರಿ ವಾಂತಿ. ನಿಮ್ಮವ್ವ ಹಠ ಹಿಡಿಯದಿದ್ದರೆ, ಬೆಳಗಾಗಲಿ ಅಂತ ನಾನು ಸುಮ್ನೆ ಮಲಗಿಬಿಡುತ್ತಿದ್ದೆ.

ನಾನು ಬೆಳೆದ ಗರಡಿಯಲ್ಲಿ ತಲೆ ಸುತ್ತುತ್ತಿದೆ ಅಂತ ಯಾರೂ ಬಾಯಿ ಬಿಡುತ್ತಿರಲಿಲ್ಲ. ದುರ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಒಂದು ಸಲ ತಲೆಕೆಳಗಾಗಿ ಬಿದ್ದೆ. ಮನೆಗೆ ಹೇಗೆ ಬಂದೆ ಅಂತ ಇವತ್ತಿಗೂ ನೆನಪಿಲ್ಲ. ಅದನ್ನೇ ಜಂಬದ ಕತೆ ಮಾಡಿ ನಿನಗೂ ಹೇಳಿದ್ದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಕೇಳಿ ಜನ ನಗುತ್ತಾರೆ. ನಾನು ಅದನ್ನು ನಿಜ ಅಂತಲೇ ನಂಬಿಕೊಂಡಿದ್ದೆ.

ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಾಗ ನನ್ನ ಮನಸ್ಸು ಹಗುರಾಯ್ತು. ಹಾಗಾದರೆ ಈ ಮಗು ಯಾಕೆ ಹೀಗಿದೆ ಅಂತ ನಿಮ್ಮವ್ವ ಕೇಳಿದಳು. ಡಾಕ್ಟರ್ ಬಿಡಿಸಿ ಹೇಳಿದರು. ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಬಿರುಕು ಅಂಥದ್ದು. ಕನ್ಕಷನ್ ಆದಾಗ ಮಿದುಳು ಒಳಗೇ ಅಲುಗಾಡಿ ಅದರ ಕೆಲಸ ಏರುಪೇರಾಗುತ್ತದೆ, ಅದು ಸಾಮಾನ್ಯವಾಗಿ ಸ್ಕ್ಯಾನ್‌ಗೆ ಸಿಗುವುದಿಲ್ಲ. ಪ್ರಜ್ಞೆ ತಪ್ಪಲೇಬೇಕು ಅಂತಲೂ ಇಲ್ಲ. ನಿಮ್ಮವ್ವ ಎಲ್ಲಾ ಕೇಳಿ, "ಗಡಿಗೆ ಒಡೆದಿಲ್ಲ, ಒಳಗಿನ ಮೊಸರು ಕದಡಿದೆ" ಅಂದಳು. ಡಾಕ್ಟರ್ ತಲೆಯಾಡಿಸಿದರು. ಹೆಲ್ಮೆಟ್ ಹಾಕಿಕೊಂಡು ಆಡಲಿ ಅಂತಾನೆ ನಿನ್ನ ತಮ್ಮ. ಹೆಲ್ಮೆಟ್ ಗಡಿಗೆಯನ್ನು ಕಾಯುತ್ತದೆ, ಮೊಸರು ಕುಲುಕುವುದನ್ನು ತಡೆಯಲ್ಲ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ, ಅಪರೂಪಕ್ಕೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದಂತೆ. ಅದರಲ್ಲೂ ನಿನ್ನ ವಯಸ್ಸಿನವರಿಗೆ. ಅದನ್ನು ಕೇಳಿದಾಗಿನಿಂದ ನನ್ನ ಕೂಗು ನನ್ನ ಕಿವಿಯಲ್ಲೇ ಇದೆ.

ನಿನ್ನ ತಮ್ಮ ಇನ್ನೊಂದು ನೆನಪು ಮಾಡಿದ. 2021ರಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮಯಾಂಕ್ ಅಗರ್ವಾಲ್ ತಲೆಗೆ ನೆಟ್ಸ್‌ನಲ್ಲಿ ಸಿರಾಜ್ ಬೌನ್ಸರ್ ಬಡಿದಿತ್ತಲ್ವಾ? ಹೆಲ್ಮೆಟ್ ಇತ್ತು, ಆದರೂ ಮೊದಲ ಟೆಸ್ಟ್‌ನಿಂದ ಹೊರಗಿಟ್ಟರು. ಆ ಜಾಗದಲ್ಲಿ ರಾಹುಲ್ ಆಡಿದ. ಕ್ರಿಕೆಟ್‌ನಲ್ಲಿ 2019ರಿಂದ ಇಂಥ ಪೆಟ್ಟಿಗೆ ಬದಲಿ ಆಟಗಾರನನ್ನೇ ಇಳಿಸಬಹುದು. ಟೆಸ್ಟ್ ಆಡುವವನೇ ಕೂರುತ್ತಾನೆ ಅಂದಮೇಲೆ ನಮ್ಮದು ಯಾವ ದೊಡ್ಡ ಟೂರ್ನಿ?

ಹೆಚ್ಚಿನ ಮಕ್ಕಳಿಗೆ ನಾಲ್ಕು ವಾರದೊಳಗೆ ಸರಿಹೋಗುತ್ತದಂತೆ. ನಿನಗೆ ಇದು ಆರನೇ ವಾರ. ಓದಿದ್ದು ಮರೆಯುತ್ತದೆ, ಸುಮ್ನೆ ಸಿಟ್ಟು ಬರುತ್ತದೆ ಅಂತ ಅಳುತ್ತೀಯಂತೆ. ಅದು ನಿನ್ನ ಸೋಮಾರಿತನ ಅಲ್ಲ, ಪೆಟ್ಟಿನ ಕೆಲಸ. ಮೊದಲು ಕಾಲೇಜಿಗೆ ಹೋಗಿ ಪೂರ್ತಿ ದಿನ ಕೂರುವಂತಾಗಲಿ. ಆಮೇಲೆ ಓಟ, ಆಮೇಲೆ ಯಾರನ್ನೂ ಹಿಡಿಯದೆ ಬರೀ ಕಾಲಿನ ಅಭ್ಯಾಸ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಹಿಡಿಯುವ ಆಟ ಡಾಕ್ಟರ್ ಹೂಂ ಅಂದ ಮೇಲೆಯೇ. ಆಟ ಬಿಟ್ಟುಬಿಡು ಅಂತ ನಾನು ಹೇಳುತ್ತಿಲ್ಲ. ನಿಮ್ಮವ್ವ ಹೇಳುತ್ತಾಳೆ. ಅದನ್ನು ನೀವಿಬ್ಬರೇ ಮಾತಾಡಿಕೊಳ್ಳಿ.

ಮಾವನ ಚೀಲದಲ್ಲಿ ಮಂಡಕ್ಕಿ, ಖಾರ ಇದೆ. ಮಿರ್ಚಿ ನೀನು ಇಲ್ಲಿಗೆ ಬಂದ ಮೇಲೆ.

ಬುಧವಾರ ಡಾಕ್ಟರ್ ಹತ್ತಿರ ಹೋಗಬೇಕು. ಕಳೆದ ಸಲ ತಲೆನೋವು ಹತ್ತಕ್ಕೆ ಎಷ್ಟು ಅಂತ ಅವರು ಕೇಳಿದಾಗ, ನೀನು ನನ್ನ ಕಡೆ ಒಮ್ಮೆ ನೋಡಿ "ಎರಡು" ಅಂದೆ. ಈ ಸಲ ಒಳಗೆ ನಿಮ್ಮವ್ವ ಬರುತ್ತಾಳೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ ಅಪ್ಪಾಜಿ