ಪ್ರಶ್ನಾವಳಿ ಹಿಡಿದು ಮಂಡಿಗೆ ಹೋಗುವ ಮುಂಚೆ

ಕೋಲಾರ

ಚಿ. ಶ್ವೇತಾಳಿಗೆ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧದ ರೂಪುರೇಷೆ ಓದಿದೆ. ಟೊಮೆಟೊ ಬೆಲೆ ಬಿದ್ದಾಗ ಬೆಳೆಗಾರರ ಭಾವನೆ ಏನಾಗುತ್ತದೆ ಅನ್ನುವುದು ಒಳ್ಳೆಯ ವಿಷಯ, ನಮ್ಮ ಎಪಿಎಂಸಿಯಲ್ಲೇ ಕಣ್ಣೆದುರಿಗಿದೆ. ಆದರೆ ಯಾವ ಹೊತ್ತಿನ ಭಾವನೆ ಅಂತ ನೀನು ಎಲ್ಲೂ ಹೇಳಿಲ್ಲ. ಹರಾಜು ಕೂಗಿದಾಗ ಉಕ್ಕುವ ಸಿಟ್ಟು ಬೇರೆ, ವಾರವೆಲ್ಲ ಮನೆಯಲ್ಲಿ ಮಂಕಾಗಿರುವುದು ಬೇರೆ, ಹುಟ್ಟಾ ಪುಕ್ಕಲು ಸ್ವಭಾವ ಬೇರೆ. ಮೂರನ್ನೂ ಒಂದೇ ಪ್ರಶ್ನಾವಳಿಯಲ್ಲಿ ಕಲೆಸಿಬಿಟ್ಟರೆ ಆಮೇಲೆ ಯಾವ ಸಾಫ್ಟ್‌ವೇರೂ ಬಿಡಿಸಿಕೊಡುವುದಿಲ್ಲ.

ಭಾವನೆ ಅಂದರೇನು ಅನ್ನುವ ವ್ಯಾಖ್ಯಾನಕ್ಕೆ ಹದಿನೈದು ಪುಟ ಬೇಡ. 1981ರಲ್ಲೇ ಪಾಲ್ ಮತ್ತು ಆನ್ ಕ್ಲೈನ್‌ಜಿನ್ನಾ 92 ವ್ಯಾಖ್ಯಾನ ಗುಡ್ಡೆ ಹಾಕಿದ್ದಾರೆ. ತೊಂಬತ್ತಮೂರನೆಯದು ನಿನ್ನಿಂದ ಬರಬೇಕಾಗಿಲ್ಲ. ನಡೆದ ಘಟನೆ, ಅದನ್ನು ಬೆಳೆಗಾರ ತೂಗಿನೋಡಿದ ಬಗೆ, ಮೈಯಲ್ಲಿ ಆಗುವ ಬದಲಾವಣೆ, ಮುಖ ಮತ್ತು ದನಿ, ಏನಾದರೂ ಮಾಡಬೇಕೆನ್ನುವ ತುಡಿತ, ಒಳಗೆ ಅನ್ನಿಸುವುದು. ಇವುಗಳಲ್ಲಿ ನೀನು ಅಳೆಯುವುದು ಯಾವುದು ಅಂತ ಒಂದು ಸಾಲು ಬರೆದರೆ ಸಾಕು. ನಾಟ್ಯಶಾಸ್ತ್ರದ ಭರತನ 8 ಸ್ಥಾಯಿಭಾವಗಳನ್ನು ಮನಶ್ಶಾಸ್ತ್ರಜ್ಞ ಎಕ್‌ಮನ್ ಹೇಳಿದ 6 ಮೂಲಭಾವನೆಗಳ ಪಕ್ಕ ಕೂರಿಸುವ ಚಟ ನಮ್ಮ ಕಡೆ ಪ್ರಬಂಧಗಳಲ್ಲಿ ಜಾಸ್ತಿ. ಓದಲು ಚೆಂದ, ಅಳೆಯಲು ಉಪಯೋಗವಿಲ್ಲ, ಬಿಟ್ಟುಬಿಡು.

ಭಾವನೆ ಅಳೆಯಲು ನೀನು ಆರಿಸಿರುವ ಪಾನಾಸ್ (PANAS) ಮಾಪಕದ ಬಗ್ಗೆ ನನಗೆ ತಕರಾರಿದೆ. 1988ರಲ್ಲಿ ವಾಟ್ಸನ್, ಕ್ಲಾರ್ಕ್, ಟೆಲ್ಲೆಗನ್ ಮಾಡಿದ್ದು. 20 ಪದ, ಒಂದೊಂದಕ್ಕೂ 1ರಿಂದ 5 ಅಂಕ. ಅನುಕೂಲ ಭಾವದ 10 ಪದ, ಪ್ರತಿಕೂಲ ಭಾವದ 10, ಎರಡನ್ನೂ ಬೇರೆಬೇರೆ ಕೂಡುತ್ತಾರೆ. ಆ ಇಪ್ಪತ್ತನ್ನು ಒಮ್ಮೆ ಬೆರಳಿಟ್ಟು ಓದು. ಉತ್ಸಾಹವಿದೆ, ಭಯವಿದೆ, ನಾಚಿಕೆಯಿದೆ, ಕಿರಿಕಿರಿಯಿದೆ. ದುಃಖವಿಲ್ಲ, ಸುಸ್ತಿಲ್ಲ, ನೆಮ್ಮದಿಯೂ ಇಲ್ಲ. ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ಮೈ ಬಿಸಿಯೇರಿಸುವ ಭಾವಗಳೇ. 15 ಕಿಲೋ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದಾಗ ಎಷ್ಟೋ ಜನ ಕೂಗಾಡುವುದಿಲ್ಲ, ಖಾಲಿ ಬಾಕ್ಸಿನ ಮೇಲೆ ಸುಮ್ಮನೆ ಕೂತುಬಿಡುತ್ತಾರೆ. ಅವರಿಗೆ ನಿನ್ನ ಎರಡೂ ಮೊತ್ತ ಕಡಿಮೆ ಬರುತ್ತದೆ. ಪ್ರತಿಕೂಲದ ಅಂಕವೊಂದನ್ನೇ ಹಿಡಿದು 'ಅಷ್ಟೇನೂ ತೊಂದರೆಯಿಲ್ಲ' ಅಂತ ಬರೆದುಬಿಡುತ್ತೀಯ.

ಹಾಗಾಗಿ 1994ರಲ್ಲಿ ಬ್ರಾಡ್ಲಿ ಮತ್ತು ಲ್ಯಾಂಗ್ ಪ್ರಕಟಿಸಿದ ಚಿತ್ರಮಾಪಕ ತಗೋ. ಹಿತ-ಅಹಿತ, ಮೈಯ ಉದ್ವೇಗ, ಪರಿಸ್ಥಿತಿ ಕೈಯಲ್ಲಿದೆಯೋ ಇಲ್ಲವೋ, ಹೀಗೆ ಮೂರು ಸಾಲು ಬೊಂಬೆಗಳು. ಓದು ಬಾರದವರೂ ಬೆರಳು ತೋರಿಸಬಹುದು, ಮನೆಮಾತು ತೆಲುಗು ಆದವರಿಗೂ ಆಗುತ್ತದೆ. ಉದ್ವೇಗದ ಸಾಲನ್ನು ಮಾತ್ರ ಮೊದಲೇ ಬಿಡಿಸಿ ಹೇಳು. ಎದೆಯಲ್ಲಿ ಸ್ಫೋಟವಾದಂತೆ ಬರೆದಿರುವ ಆ ಬೊಂಬೆಯನ್ನು ಎದೆನೋವು ಅಂದುಕೊಳ್ಳುವವರು ಇರುತ್ತಾರೆ. ಜೊತೆಗೆ ಬೇಜಾರು, ಸಿಟ್ಟು, ಹೆದರಿಕೆ, ನೆಮ್ಮದಿ, ನಾಲ್ಕಕ್ಕೆ ಒಂದೊಂದು ನೇರ ಪ್ರಶ್ನೆ ಸಾಕು.

ಮೂರು ಸಲ ಕೇಳು: ಹರಾಜಿಗೆ ಮುಂಚೆ, ಮುಗಿದ ಹತ್ತು ನಿಮಿಷದೊಳಗೆ, ಮಾರನೆಯ ಸಂಜೆ. ಪ್ರತಿ ಸಲವೂ 'ಈಗ, ಈ ಹೊತ್ತು' ಅಂತಲೇ ಕೇಳು. 'ಹೋದ ತಿಂಗಳು ಹೇಗಿತ್ತು' ಅಂದರೆ ಜನ ನೆನಪಿನಿಂದ ಉತ್ತರಿಸುವುದಕ್ಕಿಂತ ತಾವು ಎಂಥವರು ಅಂದುಕೊಂಡಿದ್ದಾರೋ ಅದರಿಂದ ಉತ್ತರಿಸುತ್ತಾರೆ. ರಾಬಿನ್ಸನ್ ಮತ್ತು ಕ್ಲೋರ್ 2002ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಆವತ್ತು ಅವರಿಗೆ ಸಿಕ್ಕ ದರವನ್ನೂ, ನಿರೀಕ್ಷೆಯಲ್ಲಿದ್ದ ದರವನ್ನೂ ಬರೆದುಕೋ. ಎರಡನೆಯದನ್ನು ಹರಾಜಿಗೆ ಮುಂಚೆಯೇ ಕೇಳಿರಬೇಕು, ಆಮೇಲೆ ಕೇಳಿದರೆ ಅದೂ ತಗ್ಗಿಬಿಡುತ್ತದೆ.

ಮಂಡಿ ಮಾಲೀಕನ ಎದುರು ಮಾತ್ರ ಕೇಳಬೇಡ. ಅವನ ಹತ್ತಿರ ಮುಂಗಡ ತಂದವರು 'ಪರವಾಗಿಲ್ಲಮ್ಮ, ದೇವರಿಟ್ಟ ಹಾಗೆ' ಅಂತಾರೆ, ನೀನು ಅದನ್ನು 5ರಲ್ಲಿ 3 ಅಂತ ಗುರುತು ಹಾಕುತ್ತೀಯ. ಟೀ ಅಂಗಡಿ ಪಕ್ಕಕ್ಕೆ ಕರೆದುಕೊಂಡು ಹೋಗು. ಎಲ್ಲದಕ್ಕೂ 'ಹೂಂ' ಅನ್ನುವವರನ್ನು ಹಿಡಿಯಲು ನೆಮ್ಮದಿಯ ಪ್ರಶ್ನೆಯನ್ನು ಬೇಜಾರಿನ ಪ್ರಶ್ನೆಯ ಬೆನ್ನಿಗೇ ಇಡು. ಎರಡಕ್ಕೂ ಪೂರಾ ಅಂಕ ಕೊಟ್ಟವರ ಹಾಳೆಗೆ ಗುರುತು ಹಾಕಿಟ್ಟುಕೋ.

ಬೆರಳಿಗೆ ಕಟ್ಟುವ ಬೆವರು ಮಾಪಕ ತರುತ್ತೇನೆ ಅಂದಿದ್ದೀಯ. ಅದು ತೋರಿಸುವುದು ಉದ್ವೇಗದ ಏರಿಳಿತ ಮಾತ್ರ. ಖುಷಿಗೂ ಏರುತ್ತದೆ, ಸಿಟ್ಟಿಗೂ ಏರುತ್ತದೆ. ಪ್ರಚೋದನೆಯಾದ 1ರಿಂದ 3 ಸೆಕೆಂಡಿನ ಮೇಲೆ ಶುರುವಾಗುವ ಸಣ್ಣ ಏರಿಕೆಯನ್ನು ಮೈಕ್ರೋಸೀಮೆನ್ಸ್ (ಚರ್ಮದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಅಳತೆ) ಲೆಕ್ಕದಲ್ಲಿ ಹುಡುಕಬೇಕು. ಬಿಸಿಲಲ್ಲಿ ಬಾಕ್ಸ್ ಇಳಿಸಿ ಬಂದವನ ಕೈಯಲ್ಲಿ ಆ ಏರಿಕೆ ಸೆಖೆಯ ಬೆವರಿನಲ್ಲೇ ಮುಳುಗಿಹೋಗುತ್ತದೆ, ಕೈ ಅಲ್ಲಾಡಿದರೂ ಗೆರೆ ಜಿಗಿಯುತ್ತದೆ. ಪ್ರಯೋಗಾಲಯದಲ್ಲಿ ಇಟ್ಟುಕೋ, ಮಂಡಿಗೆ ಬೇಡ. ಫೋನಿನಲ್ಲಿ ಮುಖ ನೋಡಿ ಭಾವನೆ ಹೇಳುವ ಆ್ಯಪ್ ಅಂತೂ ಬೇಡವೇ ಬೇಡ. ಮುಖದ ಒಂದೊಂದು ಚಲನೆಗೂ ಸಂಖ್ಯೆ ಕೊಡುವ ಎಕ್‌ಮನ್ ಮತ್ತು ಫ್ರೀಸನ್ ಅವರ 1978ರ ಪದ್ಧತಿಯಲ್ಲಿ ಹುಬ್ಬು ಗಂಟಿಕ್ಕುವುದು 4ನೇ ಕ್ರಿಯಾಘಟಕ, ಅಷ್ಟೇ. ಅದು ಸಿಟ್ಟೋ, ಬಿಸಿಲೋ, ಲೆಕ್ಕ ಹಾಕುತ್ತಿರುವುದೋ ಅಂತ ಆ ಸಂಖ್ಯೆ ಹೇಳುವುದಿಲ್ಲ.

ಕೊನೆಗೆ ಲೆಕ್ಕ. 60 ಜನರನ್ನು ಮೂರು ಸಲ ಕೇಳಿದರೆ ಉತ್ತರ 180, ಜನ ಮಾತ್ರ 60. 180 ಜನ ಅನ್ನುವ ಹಾಗೆ ಟಿ-ಟೆಸ್ಟ್ (ಎರಡು ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಓಡಿಸಬೇಡ, ಒಬ್ಬೊಬ್ಬರ ಉತ್ತರಗಳನ್ನು ಅವರವರೊಳಗೇ ಕಟ್ಟುವ ಬಹುಸ್ತರ ಮಾದರಿ ಬಳಸು. ಬಾಕ್ಸಿನ ದರವನ್ನು ಆವತ್ತಿನ ಚೀಟಿಯಿಂದಲೇ ನೋಡಿ ಬರೆದುಕೋ.

ಪ್ರಶ್ನಾವಳಿ ತಿದ್ದಿದ ಮೇಲೆ ಎಂಟು-ಹತ್ತು ಬೆಳೆಗಾರರಿಗೆ ಓದಿ ಹೇಳಿ, ಪ್ರತಿ ಪ್ರಶ್ನೆಯಲ್ಲೂ ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಹೇಳಿಸು. ಆ ಟಿಪ್ಪಣಿ ನನಗೆ ಕಳಿಸು, ಅಲ್ಲಿಯವರೆಗೆ ಪ್ರತಿಗಳನ್ನು ಮುದ್ರಿಸಬೇಡ.

ಇಂತಿ,
ನಿನ್ನ ದೊಡ್ಡಪ್ಪ